ಹಂಡೆಯ ಒಲೆಗೆ ಸುರಿದ ಗಸಿ

ವೇಮಗಲ್ ಹತ್ತಿರದಿಂದ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಸಂಹಿತಾ,

ನೀನು ಮುಳಬಾಗಿಲಿನಿಂದ ಕಳಿಸಿದ ಕುಲಾವಿ ಬಂದು ಎರಡು ತಿಂಗಳಾಯಿತು. ತಲುಪಿತು ಅಂತ ಒಂದು ಮಾತೂ ತಿಳಿಸಲಿಲ್ಲ. ಬೈದುಕೋ, ಆದರೆ ಪೂರ್ತಿ ಓದು. ಫೋನಿನಲ್ಲಿ ಹೇಳೋಣವೆಂದರೆ ಈ ಎರಡು ಕೋಣೆಯ ಮನೆಯಲ್ಲಿ ಎಲ್ಲರಿಗೂ ಕೇಳಿಸುತ್ತದೆ. ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾವು ಹಾಗಿಲ್ಲ ಕಣೇ.

ಪುಟ್ಟಿಗೆ ಈಗ ಐದು ತಿಂಗಳು. ಉಸಿರೆಳೆದರೆ ಎದೆಯೊಳಗೆ ಸಿಳ್ಳೆ ಹಾಕಿದಂತೆ ಸದ್ದು. ಕೋಲಾರದ ಆಸ್ಪತ್ರೆಯಲ್ಲಿ ಎರಡು ಸಲ ಆಕ್ಸಿಜನ್ ಇಟ್ಟು ಕಳಿಸಿದರು. ಅವಳು ಮಲಗಿದರೆ ನಾನು ಪಕ್ಕದಲ್ಲೇ ಕೂತು ಪಕ್ಕೆಲುಬು ಒಳಕ್ಕೆ ಸೆಳೆಯುವುದನ್ನು ನೋಡುತ್ತಿರುತ್ತೇನೆ. ನಾನು ನಿದ್ದೆ ಮಾಡಿ ಎಷ್ಟು ದಿನವಾಯಿತೋ.

ನಮ್ಮ ಯಜಮಾನರು ಮೂರ್ತಿ ಕೆಲಸ ಮಾಡುವುದು ಪ್ಲಾಸ್ಟಿಕ್ಕಿನಿಂದ ಎಣ್ಣೆ ತೆಗೆಯುವ ಕಾರ್ಖಾನೆಯಲ್ಲಿ ಅಂತ ನಿನಗೆ ಗೊತ್ತು. ಟೊಮೆಟೊ ತೋಟಕ್ಕೆ ಹಾಸಿ ಕಿತ್ತ ಶೀಟು, ಹಾಲಿನ ಕವರು, ಒಡೆದ ಪೈಪು ಎಲ್ಲವನ್ನೂ ಗಾಳಿಯಾಡದ ದೊಡ್ಡ ಡ್ರಮ್ಮಿಗೆ ತುಂಬಿ ಕಾಯಿಸುತ್ತಾರೆ. ಏಳುವ ಆವಿಯನ್ನು ತಣಿಸಿದರೆ ಎಣ್ಣೆ. ಬಿಎಸ್ಸಿಯಲ್ಲಿ ಪೈರಾಲಿಸಿಸ್ ಅಂತ ನಾವಿಬ್ಬರೂ ಉರು ಹೊಡೆದು ಬರೆದದ್ದೇ. ಟ್ಯಾಂಕಿನ ತಳದಲ್ಲಿ ನಿಲ್ಲುವ ಕಪ್ಪು ಗಸಿಯನ್ನು ಯಾರೂ ಕೊಳ್ಳುವುದಿಲ್ಲ. ಕೆಲಸದವರು ಅದನ್ನು ಕ್ಯಾನಿನಲ್ಲಿ ಮನೆಗೆ ತರುತ್ತಾರೆ. ಮೂರ್ತಿಯೂ ತಂದರು.

ತಾಯಿಯಿಲ್ಲದವಳು ಅಂತ ನನ್ನ ಬಾಣಂತನವನ್ನು ಅತ್ತೆಯೇ ಮಾಡಿದರು. ಹಂಡೆ ತುಂಬ ನೀರು ಮರಳಬೇಕು, ಸೊಂಟಕ್ಕೆ ಚೊಂಬು ಚೊಂಬಾಗಿ ಸುರಿಯಬೇಕು. "ಬಾರೇ ನಾ ತಲ್ಲಿ, ನನ್ನಮ್ಮಾ, ಈಗ ಸೊಂಟ ಗಟ್ಟಿ ಮಾಡ್ಕೊಳ್ದಿದ್ರೆ ನನ್ ವಯಸ್ಸಿಗೆ ಗೋಡೆ ಹಿಡ್ಕೊಂಡು ಓಡಾಡ್ತೀಯ" ಅನ್ನುವರು. ಸೌದೆ ಹಸಿಯಿತ್ತು. ಮರದ ಪುಡಿಗೆ ಆ ಗಸಿ ಕಲೆಸಿ ಒಲೆಗೆ ಹಾಕಿದರು, ಧಗ್ಗನೆ ಹತ್ತಿತು. ಅದೇ ಬಚ್ಚಲಲ್ಲಿ ಕಾಲು ನೀಡಿ ಕೂತು, ಕಾಲ ಮೇಲೆ ಪುಟ್ಟಿಯನ್ನು ಮಲಗಿಸಿಕೊಂಡು ನೀರು ಎರೆಯುತ್ತಿದ್ದರು. ಮೂರು ತಿಂಗಳು, ದಿನವೂ.

ಡಾಕ್ಟರು "ಮನೇಲಿ ಏನಾದ್ರೂ ಉರಿಸ್ತೀರಾ?" ಅಂದಾಗ ಅತ್ತೆ ತಾವಾಗಿಯೇ ಎಲ್ಲ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು. "ಅಜ್ಜಿ, ಅದು ಪ್ಲಾಸ್ಟಿಕ್ ಸುಟ್ಟ ಹೊಗೆ ಇದ್ದಂಗೇನೇ. ಎದೆ ಇನ್ನೂ ಬಲೀದೇ ಇರೋ ಕೂಸು. ಮುಂದೆ ಹೆಂಗೋ ನಾನು ಹೇಳಕ್ಕಾಗಲ್ಲ."

ಬಸ್‌ಸ್ಟಾಂಡಿನಲ್ಲಿ ಜನ ನೋಡುತ್ತಿದ್ದ ಹಾಗೆಯೇ ಮೂರ್ತಿ ಕೂಗಿದರು. "ನಿನ್ ತಲೇಲೇನು ಮಣ್ಣು ತುಂಬಿದ್ಯಾ ಅಮ್ಮಾ? ಇನ್ಮೇಲೆ ಮಗೂನ ಮುಟ್ಬೇಡ."

"ಆಯ್ತು ಬಿಡಪ್ಪಾ, ತಪ್ಪು ನಂದೇ" ಅಂದರು ಅತ್ತೆ.

ಅಂದಿನಿಂದ ತಾಯಿ ಮಗ ಮಾತು ಬಿಟ್ಟಿದ್ದಾರೆ. ಪುಟ್ಟಿ ಅತ್ತರೆ ಅತ್ತೆ ಬಾಗಿಲ ತನಕ ಬಂದು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಲ್ಲುತ್ತಾರೆ. ಹೊಗೆಯಿಲ್ಲದ ಕಡೆ ಇರಿಸಿ ಅಂದಿದ್ದಾರೆ ಡಾಕ್ಟರು. ಎಲ್ಲಿದೆ ಹೇಳು? ನಮ್ಮ ಸಾಲಿನ ಆರು ಮನೆಯಲ್ಲೂ ಅದೇ ಗಸಿ. ಬೇಡ ಅನ್ನಲು ಹೋದರೆ ಪಕ್ಕದ ಮನೆಯ ಭಾರತಮ್ಮ "ಓದಿದೋರಿಗೆ ಮೂಗು ಉದ್ದ" ಅಂತ ನಕ್ಕಳು. ಕೆಲಸ ಬಿಡಿ ಅಂದರೆ ಮೂರ್ತಿ, "ಬಿಟ್ಟು ಎಲ್ಲಿಗ್ ಹೋಗ್ಲಿ, ನೀನೇ ಹೇಳು" ಅನ್ನುತ್ತಾರೆ. ಕಾರ್ಖಾನೆಗೆ ಇನ್ನೊಂದು ಡ್ರಮ್ಮು ಬಂದಿದೆಯಂತೆ.

ನಿನ್ನ ಮಕ್ಕಳಿಬ್ಬರಿಗೂ ನನ್ನ ಆಶೀರ್ವಾದ. ಅವರ ಎದೆ ಹಗುರವಾಗಿರಲಿ, ನೂರು ವರ್ಷ ಬಾಳಲಿ.

ನಿನ್ನ
ಶ್ಯಾಮಲಾ

ವಿ.ಸೂ.: ಒಲೆ ಹಚ್ಚುವ ಮೊದಲು ಅತ್ತೆ ಆ ಕ್ಯಾನು ಹಿಡಿದು ನನ್ನ ಹತ್ತಿರ ಬಂದಿದ್ದರು. "ನೀನ್ ಓದಿದೋಳು, ಮೂಸಿ ನೋಡಮ್ಮ. ಕೂಸಿರೋ ಮನೇಲಿ ಇದನ್ನ ಉರಿಸ್ಬೋದಾ?" ಅಂತ ಕೇಳಿದರು. ವಾಸನೆ ಗಂಟಲಿಗೆ ಅಡರಿತು. ಅದೇನೆಂದು ನನಗೆ ಗೊತ್ತಿತ್ತು. ಆದರೆ ಸೊಂಟ ಕಿತ್ತು ಬರುತ್ತಿತ್ತು ಸಂಹಿತಾ, ನನಗೆ ಬಿಸಿನೀರು ಬೇಕಿತ್ತು. "ಸೀಮೆಎಣ್ಣೆ ಥರಾನೇ ಅತ್ತೆ, ಏನಾಗಲ್ಲ, ಹಚ್ಚಿ" ಅಂದೆ. ಡಾಕ್ಟರ ಮುಂದಾಗಲಿ, ಮಗನ ಮುಂದಾಗಲಿ ಅವರು ನನ್ನ ಹೆಸರು ಎತ್ತಲಿಲ್ಲ. ನಾನೂ ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ.