ಹೀಟರಿನ ಮಸಿ

ನವೆಂಬರ್ ೧೪, ಮಂಗಳವಾರ
ದಾಖಲೆ ಕೋಣೆ, ಮಧ್ಯಾಹ್ನದ ಬಿಡುವು

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ಕೇಳಿದರೆ ಸಿಟ್ಟಾಗುತ್ತೀಯ, ಅದು ನ್ಯಾಯವೇ. ಅಂಗೈಯ ಸುಟ್ಟ ಚರ್ಮ ಚಳಿಗೆ ಬಿಗಿಯುತ್ತಿದೆ ಎಂದು ಹೋದ ಸಲ ಅಂದಿದ್ದೆ. ಡಾಕ್ಟರು ಕೊಟ್ಟ ಮುಲಾಮು ಹಚ್ಚು, ಸೋಮಾರಿತನ ಮಾಡಬೇಡ. ಫೋನಿನಲ್ಲಿ ಹೇಳಬೇಕಾದ ಮಾತನ್ನು ಬರೆಯುತ್ತಿದ್ದೇನೆ, ಏಕೆಂದರೆ ನಿನ್ನ ದನಿ ಕೇಳಿದ ಕೂಡಲೇ ನನ್ನ ಧೈರ್ಯ ಉಡುಗಿಹೋಗುತ್ತದೆ. ನೀನು ಊರು ಬಿಟ್ಟಾಗಿನಿಂದ, ಎಂಟು ತಿಂಗಳಿಂದ ಹೀಗೇ ಆಗುತ್ತಿದೆ.

ಆದೇಶದ ಪ್ರತಿ ತಲುಪಿರಬೇಕು. ಅದನ್ನು ಲಕೋಟೆಗೆ ಹಾಕಿ ಅಂಟಿಸಿದವಳೂ ನಾನೇ. ಹದಿಮೂರು ಪುಟ ಓದುವ ತಾಳ್ಮೆ ನಿನಗಿಲ್ಲ ಎಂದು ಗೊತ್ತು, 'ದೂರು ವಜಾ' ಎಂಬ ಕೊನೆಯ ಸಾಲು ಮಾತ್ರ ನೋಡಿರುತ್ತೀಯ. ಕಾರಣ ಹಿಂದಿನ ಪುಟದಲ್ಲಿದೆ. ಹೀಟರಿನ ಮೇಲಿನ ಮಸಿಯನ್ನು ಪರೀಕ್ಷೆಗೆ ಮೊದಲೇ ಯಾರೋ ಒರೆಸಿ ತೆಗೆದಿದ್ದಾರೆ. ಬೆಂಕಿ ಒಳಗಿನ ತಂತಿಯಿಂದ ಹುಟ್ಟಿತೋ, ಹೊರಗೆ ತಗುಲಿದ ಬಟ್ಟೆಯಿಂದ ಹತ್ತಿತೋ ಇನ್ನು ಹೇಳಲಾಗದು ಎಂದು ಪ್ರಯೋಗಾಲಯದವರು ಬರೆದಿದ್ದಾರೆ. ಒರೆಸಿದ್ದು ತಾನೇ ಎಂದು ದೂರುದಾರಳ ಗಂಡನೇ ಒಪ್ಪಿರುವುದರಿಂದ ಕಂಪನಿಯ ಮೇಲೆ ಹೊಣೆ ಹೊರಿಸಲಾಗದು ಎಂದು ಪೀಠ ಹೇಳಿದೆ.

ಒರೆಸಿದ್ದು ಅವರಲ್ಲ ಪುಟ್ಟಿ, ನಾನು. ಈ ಸಾಲನ್ನು ಎರಡು ಸಲ ಓದು, ಬೇಕಾದರೆ ಎದ್ದು ಹೋಗಿ ಮುಖ ತೊಳೆದು ಬಾ, ಆಮೇಲೆ ಮುಂದಕ್ಕೆ ಓದು.

ನನ್ನ ಕೋಣೆ ನಿನಗೆ ಗೊತ್ತಲ್ಲ. ಗ್ರಾಹಕರ ನ್ಯಾಯಾಲಯಕ್ಕೆ ಬರುವ ಕೆಟ್ಟ ಸಾಮಾನುಗಳೆಲ್ಲ ನನ್ನ ಪಾಲಿಗೆ. ಹಲ್ಲು ಮುರಿದ ಮಿಕ್ಸರ್, ಕಿವಿಯಲ್ಲಿ ಕೂಗುವ ಶ್ರವಣಯಂತ್ರ, ಎಡಗಾಲಿನದೇ ಎರಡು ಬೂಟು. ಆ ಬೂಟಿನ ಯಜಮಾನರು ನಾಲ್ಕು ವರ್ಷದಿಂದ ಪ್ರತಿ ವಾಯಿದೆಗೂ ಬರುತ್ತಾರೆ, ನನ್ನನ್ನು ನೋಡಿದರೆ ನೆಂಟರಂತೆ ಕ್ಷೇಮ ವಿಚಾರಿಸುತ್ತಾರೆ. ವಕೀಲರಿಲ್ಲದೆಯೂ ಬಡವರು ತಾವೇ ನಿಂತು ಮಾತಾಡಬಹುದಾದ ಜಾಗ ಇದು, ಅರ್ಜಿಯನ್ನು ಬಿಳಿ ಹಾಳೆಯ ಮೇಲೆ ಕೈಬರಹದಲ್ಲಿ ಕೊಟ್ಟರೂ ಸಾಕು ಎಂದು ನಿನಗೆ ದೂರು ಹಾಕಲು ಹೇಳಿದವಳೇ ನಾನು. ಕೆಲವೇ ತಿಂಗಳಲ್ಲಿ ಮುಗಿಯುತ್ತದೆ ಎಂದೂ ಹೇಳಿದ್ದೆ. ನಿಯಮದಲ್ಲಿ ಹಾಗೇ ಇದೆ. ಒಮ್ಮೆ ಸದಸ್ಯರಿಲ್ಲ, ಒಮ್ಮೆ ಕಂಪನಿಯ ವಕೀಲರಿಗೆ ಹುಷಾರಿಲ್ಲ, ಹೀಗೆ ಎರಡು ವರ್ಷ ನೀನು ಆ ಮರದ ಬೆಂಚಿನ ಮೇಲೆ ಕೂತೆ.

ನೀನು ಪರಿಹಾರ ಕೇಳಿ ಬಂದವಳಲ್ಲ. ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ದಕ್ಕೆ ಗುಮಾಸ್ತರು ಗೊಣಗಿದ್ದರು. ನಿನ್ನ ಮಗಳು, ನಮ್ಮ ಬಟಾಣಿ, ಮಲಗಿದ್ದ ಕೋಣೆಗೆ ಬೆಂಕಿ ಬಿದ್ದದ್ದು ನಿನ್ನಿಂದಲ್ಲ ಎಂದು ಯಾರಾದರೂ ಬರೆದುಕೊಡಬೇಕು, ನಿನಗೆ ಬೇಕಿದ್ದದ್ದು ಅಷ್ಟೇ. "ಸ್ವೆಟರು ಕುರ್ಚಿ ಮೇಲೆ ಹಾಕಿದ್ದೆ ಅಕ್ಕ, ಹೀಟರ್ ಮೇಲಲ್ಲ," ಎಂದು ಆಸ್ಪತ್ರೆಯಲ್ಲಿ ಎಷ್ಟು ಸಲ ಹೇಳಿದೆಯೋ ಲೆಕ್ಕವಿಲ್ಲ. ಆರು ವರ್ಷದ ಮಗುವನ್ನು ಕಳೆದುಕೊಂಡವಳು ಅದೊಂದು ಸಾಲಿಗಾಗಿ ಜೀವ ಹಿಡಿದುಕೊಂಡಿದ್ದೆ.

ನೀನು ನನ್ನ ತಂಗಿ ಎಂದು ನಾನೇ ಪೀಠದ ಅಧ್ಯಕ್ಷರಿಗೆ ತಿಳಿಸಿದ್ದೆ. "ಹಾಗಿದ್ರೆ ಆ ಫೈಲು, ಆ ಸಾಮಾನು ನೀವು ಮುಟ್ಟಬೇಡಿ, ಗುಮಾಸ್ತರು ನೋಡ್ಕೊಳ್ತಾರೆ," ಅಂದರು. ಆಗಲಿ ಸರ್ ಅಂದೆ. ಆದರೆ ಕೋಣೆಗೆ ಒಂದೇ ಬೀಗದ ಕೈ, ಅದು ನನ್ನ ಬಳಿಯೇ ಇರುತ್ತದೆ. ನಿನ್ನ ಯಜಮಾನರು ಹೀಟರನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದ ಸಂಜೆ ಗುಮಾಸ್ತರು ಸ್ವೀಕೃತಿ ಬರೆದು, ಕಪಾಟಿನಲ್ಲಿಟ್ಟು ಮನೆಗೆ ಹೋದರು. ಮರುದಿನ ನೀನು ಪೀಠದ ಮುಂದೆ ಅದನ್ನು ಗುರುತಿಸಬೇಕಿತ್ತು. ಅರಗು ಹಾಕಿ ಮುದ್ರೆ ಒತ್ತುವುದು ಅದಾದ ಮೇಲೆ.

ನಾನು ಪೆಟ್ಟಿಗೆ ತೆರೆದೆ. ಬಟಾಣಿಯ ನೀಲಿ ಸ್ವೆಟರಿನ ದಾರ ಕರಗಿ ಜಾಲರಿಗೆ ಮೆತ್ತಿಕೊಂಡಿತ್ತು, ಒಂದು ಗುಂಡಿ ಸಮೇತ. ಮೇಲೆಲ್ಲ ಮಸಿ. ಬೆಂಕಿಯಾದ ದಿನ ನಿನ್ನನ್ನು ನೇರ ಆಸ್ಪತ್ರೆಗೆ ಒಯ್ದಿದ್ದರಿಂದ ನೀನು ಅದನ್ನು ನೋಡಿರಲೇ ಇಲ್ಲ. ನಾಳೆ ಹತ್ತು ಜನರ ಮುಂದೆ ಇದನ್ನು ನಿನ್ನ ಕೈಗೆ ಕೊಡುತ್ತಾರೆ. ಚಿಕ್ಕಂದಿನಿಂದ ನಿನ್ನ ಮೂಗು, ಮೊಣಕಾಲು, ಸ್ಲೇಟು ಎಲ್ಲ ಒರೆಸಿದವಳು ನಾನು. ಒದ್ದೆ ಬಟ್ಟೆ, ಸಾಬೂನು, ಹಳೆಯ ಬ್ರಷ್ಷು ತೆಗೆದುಕೊಂಡೆ. ಇಪ್ಪತ್ತೊಂಬತ್ತು ವರ್ಷ ಸಾಕ್ಷ್ಯದ ಸಾಮಾನು ಕಾಯ್ದವಳಿಗೆ ಮಸಿಯೂ ಸಾಕ್ಷಿ ಎಂಬುದು ಗೊತ್ತಿರಲಿಲ್ಲವೇ ಎಂದು ನೀನು ಕೇಳಬಹುದು. ಗೊತ್ತಿತ್ತು. ಆ ಹೊತ್ತಿಗೆ ನಾನು ಬರೀ ನಿನ್ನ ಅಕ್ಕನಾಗಿದ್ದೆ, ತಲೆ ಕೆಟ್ಟಿತ್ತು.

ಮರುದಿನ ನೀನು ಅದನ್ನು ನೋಡಿ, ಹೌದು ಇದೇ ಎಂದೆ. ಅಳಲಿಲ್ಲ. ನನಗೆ ಎಂಥ ನೆಮ್ಮದಿಯಾಯಿತು ಗೊತ್ತೇ? ಆ ನೆಮ್ಮದಿಯನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಪ್ರಯೋಗಾಲಯದ ವರದಿ ಬಂದ ಮೇಲೆ ಕಂಪನಿಯ ವಕೀಲರು ನಿನ್ನ ಯಜಮಾನರನ್ನು ಸಾಕ್ಷಿ ಹೇಳಲು ನಿಲ್ಲಿಸಿ, ಒರೆಸಿದ್ದು ಯಾರು ಎಂದು ಕೇಳಿದರು. ಅವರು ತಲೆ ಬಗ್ಗಿಸಿ ನಾನೇ ಎಂದರು. ಯಾಕೆ ಹಾಗೆ ಹೇಳಿದರೋ ನನಗೆ ಗೊತ್ತಿಲ್ಲ. ಸ್ವೆಟರು ಹೀಟರಿನ ಮೇಲೇ ಇತ್ತೆಂದು ನಂಬಿ, ನಿನ್ನ ತಪ್ಪು ಮುಚ್ಚಲು ಒರೆಸಿದ್ದಾರೆ ಎಂದು ನೀನು ಅರ್ಥಮಾಡಿಕೊಂಡೆ. "ನನ್ನನ್ನ ಕೊಲೆಗಾತಿ ಅಂತ ಅಂದ್ಕೊಂಡು ಜೊತೇಲಿ ಊಟ ಮಾಡ್ತಿದ್ರಾ" ಎಂದು ಕೇಳಿ ಅದೇ ಸಂಜೆ ಮನೆ ಬಿಟ್ಟೆ. ಅವರು ಇಂದಿಗೂ ಎರಡು ತಟ್ಟೆ ತೊಳೆದಿಡುತ್ತಾರೆ. ಮಾತು ಕಡಿಮೆಯಾಗಿದೆ, ತುಂಬ ಸೊರಗಿದ್ದಾರೆ.

ಮಸಿ ಒಳಗಿನಿಂದಲೇ ಬಂದಿತ್ತು, ನಾನು ಕಣ್ಣಾರೆ ಕಂಡೆ ಎಂದು ಇಲ್ಲಿ ಬರೆದುಬಿಡುವ ಆಸೆ ಬಹಳವಿದೆ. ನೀನು ನಂಬುತ್ತೀಯ, ಒಂದು ದಿನವಾದರೂ ನೆಮ್ಮದಿಯಾಗಿ ನಿದ್ದೆ ಮಾಡುತ್ತೀಯ. ಆದರೆ ನಾನು ನೋಡಲಿಲ್ಲ ಪುಟ್ಟಿ. ಆ ಗುಂಡಿಯನ್ನು ಬಿಡಿಸುವುದರಲ್ಲಿ ಮುಳುಗಿದ್ದೆ. ನಿನ್ನ ಪ್ರಶ್ನೆಗೆ ಇದ್ದ ಒಂದೇ ಉತ್ತರವನ್ನು ಬಕೆಟ್ಟಿನ ನೀರಿನ ಜೊತೆ ಚರಂಡಿಗೆ ಚೆಲ್ಲಿದೆ. ಇನ್ನು ಯಾವ ನ್ಯಾಯಾಲಯವೂ ಅದನ್ನು ನಿನಗೆ ಹೇಳಲಾರದು.

ಮೇಲ್ಮನವಿಗೆ ಇನ್ನು ಹದಿನಾಲ್ಕು ದಿನ ಉಳಿದಿವೆ. ಒರೆಸಿದವಳು ನಾನೇ ಎಂಬ ಪ್ರಮಾಣಪತ್ರ ಇದರ ಜೊತೆಗಿದೆ, ನೋಟರಿಯ ಸಹಿ ಮಾಡಿಸಿದ್ದೇನೆ. ಅಧ್ಯಕ್ಷರಿಗೆ ಇನ್ನೊಂದು ಪ್ರತಿಯನ್ನು ಈ ಮಧ್ಯಾಹ್ನವೇ ಕೊಡುತ್ತೇನೆ. ನೌಕರಿ ಹೋಗುತ್ತದೆ, ಪಿಂಚಣಿಯೂ ಹೋಗಬಹುದು, ಹೋಗಲಿ. ಕೇಸು ಇದರಿಂದ ಗೆಲ್ಲುತ್ತದೆ ಎಂದು ನಾನು ಹೇಳಲಾರೆ. ನಿನ್ನ ಗಂಡ ನಿನ್ನ ಮೇಲೆ ಅನುಮಾನಪಟ್ಟಿರಲಿಲ್ಲ ಎಂಬುದಂತೂ ನಿಜ, ಅವರಿಗೆ ಒಂದು ಫೋನು ಮಾಡು. ನನ್ನನ್ನು ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ.

ನಿನ್ನ,
ಅಕ್ಕ

ಮರೆತ ಮಾತು: ಮರೆತದ್ದೇನಲ್ಲ, ಬಚ್ಚಿಟ್ಟದ್ದು. ಅವರು ಯಾಕೆ ಹಾಗೆ ಹೇಳಿದರೋ ಗೊತ್ತಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಹೊಡೆದುಹಾಕದೆ ಹಾಗೇ ಬಿಟ್ಟಿದ್ದೇನೆ, ನಿನ್ನ ಅಕ್ಕ ಎಂಥವಳೆಂದು ತಿಳಿಯಲಿ. ಆ ಸಂಜೆ ಹೀಟರಿನ ರಸೀದಿ ಕೊಡಲು ಅವರು ವಾಪಸು ಬಂದಿದ್ದರು, ನಾನು ಉಜ್ಜುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನೋಡಿದರು. ಅವರ ಸಾಕ್ಷಿಯ ಹಿಂದಿನ ದಿನ ನೀನು ಕೈ ತೋರಿಸಲು ಆಸ್ಪತ್ರೆಗೆ ಹೋದ ಹೊತ್ತು ನೋಡಿ ನಿಮ್ಮ ಮನೆಗೆ ಹೋಗಿ, ನನ್ನ ಹೆಸರು ಹೇಳಬೇಡಿ ಎಂದು ಅವರ ಕಾಲು ಹಿಡಿದೆ. ಅವರು ಕೇಳಿದ್ದು ಒಂದೇ: "ಅವಳು ನನ್ನ ಬಿಟ್ಟು ಹೋದ್ರೆ ಏನು ಮಾಡ್ಲಿ ಅಕ್ಕ?" ಹೋಗಲ್ಲ, ಅವಳಿಗೆ ನಾನು ಹೇಳ್ತೀನಿ ಎಂದು ಮಾತು ಕೊಟ್ಟೆ. ಮರುದಿನ ನಿನ್ನ ಸೂಟ್‌ಕೇಸು ಹೊತ್ತು, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದು, ನಿನ್ನನ್ನು ಕೂರಿಸಿ ಬಂದೆ.