ತೊಳೆದ ನೀರು ಕೆಂಪಾತು

ವಲಾಂಡಿ,
೨೧ ಜುಲೈ ೨೦೨೪

ಪ್ರೀತಿಯ ಉಮಾಕಾಂತಗ ನಿನ್ನ ಗುರಣ್ಣ ಕಾಕಾನ ಆಶೀರ್ವಾದ.

ಹೆಂಗಿದ್ದೀಯೋ? ಉದಗೀರದಾಗ ಗೆಳೆಯನ ಖೋಲಿಯೊಳಗ ಹೊಟ್ಟಿತುಂಬ ಉಣ್ಣಾಕತ್ತೀಯೋ ಇಲ್ಲೋ? ಕೆಮ್ಮು ಹ್ಯಾಂಗದ? ಫೋನ್ ಎತ್ತವಲ್ಲಿ, ಅದಕ್ಕ ಈ ಕಾಗದ. ಏಳನೇ ಇಯತ್ತಾ ಕಲ್ತಾಂವನ ಅಕ್ಷರ ಈಗಿನ ಮಾಸ್ತರಗೋಳಿಗಿಂತ ದುಂಡಗ ಅದಾವ, ನೋಡು. ನನಗ ಮಾತ್ರ ಭಾಳ ದಣಿವಾಗ್ಯದಪ್ಪಾ. ನಿನ್ನ ವೈನ್ ಫಿಲ್ಟರ್ ತೊಳದು ತೊಳದು ರಟ್ಟಿ ಬಿದ್ದುಹೋಗ್ಯಾವ.

ನೀ ಮಾಡಿದ ಬಿಳಿ ವೈನ್ ಬಾಟಲಿಗೆ ತುಂಬೋ ದಿನ ಫಿಲ್ಟರ್ ಕಟ್ಟಿಕೊಂಡು ನಿಂತಾಗ ನಿಮ್ಮಪ್ಪ ಮಂದಿ ಎದುರಿಗೆ "ಅವಸರಗೇಡಿ, ಗಸಿ ತಳಕ್ಕ ಕೂಡೂತನಕ ತಡೀಲಿಲ್ಲ" ಅಂತ ಬೈದ. ನೀ ಚೀಲ ಹೆಗಲಿಗೇರಿಸಿ ಬಸ್ ಹತ್ತಿದಿ. ಆಮ್ಯಾಲ ಅಂವಾ ವೈನ್ ಟಾಕಿ ಕಡಿ ಹೊಳ್ಳಿ ನೋಡಿಲ್ಲ. ನಾನೇ ಫಿಲ್ಟರ್ ಬಿಚ್ಚಿದೆ. ಈ ಊರಾಗ ಬ್ಯಾರೆ ಯಾರಿಗೆ ಬರತದ ಆ ಕೆಲಸ? ವಾಷರ್ ತಿರುವುಮುರುವು ಕೂಡಿಸಿದ್ದು ಬಿಡು. ನೀನೇ ಹೇಳಿದ್ದಿ, "ಕಾಕಾ, ಈ ಪರದಿ ತೂತು ಕಣ್ಣಿಗೆ ಕಾಣಂಗಿಲ್ಲ. ಹಣ್ಣಿನ ಅಂಟು, ಸತ್ತ ಹುದುಗು ಬಂದು ಕೂತ್ರ ಮುಚ್ಚಿಹೋಗತಾವ" ಅಂತ. ಅಂಟಾಗಿದ್ರ ಕೈಗೆ ಲೋಳಿ ಹತ್ತಬೇಕಿತ್ತು. ಹತ್ತಿದ್ದು ನುಣ್ಣನ ಹಳದಿ ಪುಡಿ. ನೀ ಇಟ್ಟುಹೋದ ವಾಷಿಂಗ್ ಸೋಡಾದ ನೀರು ಬಿಟ್ಟೆ. ಅರಿಶಿಣಕ್ಕ ಸುಣ್ಣ ಬಿದ್ದಂಗ ಕೆಂಪಾತು! ಬೀರಪ್ಪನ ಭಂಡಾರ, ಉಮ್ಯಾ. ಹೊಸ ಕುರಿಮರಿ ಮ್ಯಾಲ, ಹೊಸ ಬೋರ್ ಮ್ಯಾಲ ಹಾರಸೂ ಅರಿಶಿಣ ಟಾಕಿಯೊಳಗ ಬಿದ್ದಿತ್ತು. ತಳಕ್ಕ ಕೂತಿದ್ದು ಪಂಪ್ ಹಚ್ಚಿದ ಕೂಡಲೇ ಎದ್ದುಬಂದು ತೂತೆಲ್ಲಾ ಮುಚ್ಚಿಬಿಟ್ಟದ. ನಿಂದೇನೂ ತಪ್ಪಿಲ್ಲ.

"ಹಾಕಿದಾಂವ ನಾನೇ" ಅಂತ ನಿಮ್ಮಪ್ಪಗ ಹೇಳಿದೆ. ಬೈಸಿಕೊಳ್ಳೂದ್ರಾಗ ಈ ಊರಿಂದ ನಿಲಂಗಾತನಕ ನನ್ನ ಮೀರಿಸೋರಿಲ್ಲ, ಆದ್ರೂ ಈ ಸಲ ಸಾಕಾತು. ಕಡೀಕ ಅಂವಾ "ಪೋರಗ ಸುಮ್ಮನ ಅಂದೆ" ಅಂತ ಎದ್ದುಹೋದ. ಟಾಕಿಯೊಳಗಿಂದು ಮತ್ತ ತಿಳಿಯಾಗಾಕತ್ತದ. ಉಳೀತದೋ ಇಲ್ಲೋ, ನೀ ಬಂದು ನೋಡಿದ್ರೇ ತಿಳೀಬೇಕು. ನಾ ರುಚಿ ನೋಡೀನಿ, ಮತ್ತೊಮ್ಮೆ ನೋಡೀನಿ, ಇನ್ನೂ ತಿಳಿದಿಲ್ಲ.

ಬೀರಪ್ಪ ನಿನ್ನ ಹೊಟ್ಟಿ ತಣ್ಣಗಿಡಲಿ.

ನಿನ್ನ
ಗುರಣ್ಣ ಕಾಕಾ

ತಾ.ಕ.: ಈ ಕಾಗದ ಒಯ್ಯೂ ಭೀಮಶಾ ಬಸ್ಸಿಗೆ ಹೊಂಟಾನ, ಜಲ್ದಿ ಬರೀತೀನಿ. ಭಂಡಾರ ಹಾಕಿದಾಕಿ ನಿಮ್ಮವ್ವ. ಮಗನ ಮೊದಲನೇ ವೈನ್ ಅಂತ ಒಂದು ಮುಟಿಗಿ ಹಾಕ್ಯಾಳ. ನೀರು ಕೆಂಪಾದಾಗ ಆಕಿ ಮಾರಿ ನೋಡೇ ನನಗ ತಿಳೀತು. ನೀ ಮನಿ ಬಿಟ್ಟದ್ದು ತನ್ನಿಂದ ಅಂತ ಉಣವಲ್ಲಳು. "ನಿನ್ನ ಮುಟಿಗಿ ಏನು ಮಹಾ, ನಾ ಬೊಗಸಿಗಟ್ಲೆ ಸುರುವೀನಿ" ಅಂತ ಸುಳ್ಳು ಹೇಳೀನಿ. ಅರ್ಧಾ ನಂಬ್ಯಾಳ. ನೀ ಬಾ. ಅಂಗಳದಾಗ ನಿಂತು ನನಗ ಬೈ, ಜೋರಲೆ ಬೈ, ಅಡಿಗಿಮನಿತನಕ ಕೇಳಸೂಹಂಗ.