ಎಂಟು ಕಿಟಕಿಗಳ ಶಾಂತಿ

ಪ್ರೀತಿಯ ಅತ್ತಿಗೆ,

ಊರಿಗೆಲ್ಲ ಡಂಗುರ ಸಾರಿಸಿ: ನಿಮ್ಮ ಮೈದುನ ಇಲ್ಲಿ ಒಂದು ಕಿಟಕಿಗೆ ಗಾಜು ಕೂರಿಸಿದ್ದಾನೆ! ಯುದ್ಧ ಮುಗಿದರೂ ಮನೆಯೊಡತಿ ಅಜ್ಜಿಗೆ ಇನ್ನೂ ನಂಬಿಕೆಯಿಲ್ಲ. "ಇದೊಂದು ತಿಂಗಳು ಉಳೀಲಿ, ಆಮೇಲೆ ಮಿಕ್ಕ ಏಳಕ್ಕೂ ಹಾಕುವೆಯಂತೆ" ಎಂದರು. ಅಂದಿನಿಂದ ನನ್ನಷ್ಟು ಭಕ್ತಿಯಿಂದ ಶಾಂತಿ ಬಯಸಿದವರು ಈ ದೇಶದಲ್ಲೇ ಇಲ್ಲ.

ನಿನ್ನೆ ಗಾಜು ಫಳಾರನೆ ಒಡೆಯಿತು. ಮನೆಗೆ ಮರಳಿದ ಸಿಪಾಯಿಗಳು ಬೀದಿಯಲ್ಲಿ ಒದ್ದ ಚೆಂಡು! ಕೆಲಸಕ್ಕೆ ಎಳ್ಳುನೀರು ಬಿಟ್ಟು ಗಂಟುಮೂಟೆ ಕಟ್ಟತೊಡಗಿದೆ. ಅಜ್ಜಿ ಚೆಂಡನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕುಬಿಟ್ಟರು: "ಬರೀ ಚೆಂಡು ಕಣಪ್ಪಾ! ಇನ್ನೇನು ಭಯ, ಎಂಟಕ್ಕೂ ಹಾಕಿಬಿಡು."

ನೀವು ಕೇಳಿದ್ದ ಬೆರಳಿನ ಗಾಯ ಮಾಯ್ದಿದೆ. ಆದರೆ ಗಾಜು ಕೊಯ್ಯುವ ಕಟರ್ ಮೊಂಡಾಗಿದೆ. ಇನ್ನೊಂದು ಕಟರ್ ಅಲ್ಲಿ ಮನೆಯಲ್ಲಿ ನನ್ನ ಮಂಚದ ಕೆಳಗಿನ ಡಬ್ಬಿಯಲ್ಲಿದೆ. ಅಣ್ಣನ ಕೈಗೆ ಸಿಕ್ಕಿ ಅದೂ ಮೊಂಡಾಗುವ ಮೊದಲೇ ಕಳಿಸಿಬಿಡಿ.